ಏಳು ಸಲ ಬೈ-ಟು ಮಾಡಿದ ಆತ್ಮ

ಮಾಣಿ ನಾಲ್ಕು ಕಾಫಿ ತಂದಿಡೋ ಹೊತ್ತಿಗೆ ಸುಬ್ಬು ಟಿಶ್ಯೂ ಪೇಪರಿನ ಮೇಲೆ ಹ್ಯಾರಿ ಪಾಟರ್ ಕಥೆಯ ಖಳನಾಯಕ ವೋಲ್ಡೆಮಾರ್ಟನ ಆತ್ಮದ ಬ್ಯಾಲೆನ್ಸ್ ಶೀಟ್ ಬರೆಯೋಕೆ ಶುರು ಮಾಡಿದ್ದ. ಬಸ್ಯಾ ಹೊಸ ಜುಬ್ಬ-ಪೈಜಾಮದಲ್ಲಿ ಬಂದಿದ್ದ. ಬೋಂಡಾದ ಎಣ್ಣೆ ತಾಗೀತು ಅಂತ ಎರಡೂ ತೋಳು ಮಡಚಿಕೊಂಡು, ತಟ್ಟೆಯಿಂದ ಒಂದು ಗೇಣು ಹಿಂದೆ ಕೂತಿದ್ದ. ಪದ್ಮಾ ಸುತ್ತ ನೋಡಿ, "ಹ್ಯಾರಿ ಪಾಟರ್, ಮಾರ್ಟಿನ್, ಜೋರ್ಡನ್, ಸ್ಯಾಂಡರ್ಸನ್, ಇವರ ಕಥೆಗಳ ಗುಟ್ಟು ರಟ್ಟಾಗೋದು ಬೇಡ ಅನ್ನೋರು ಈಗಲೇ ಪಕ್ಕದ ಟೇಬಲ್ಲಿಗೆ ಹೋಗಿ," ಅಂದಳು. ಬೋಂಡಾ ಬಿಟ್ಟು ಯಾರು ಹೋಗ್ತಾರೆ?

"ಲೆಕ್ಕ ನೋಡಿ," ಅಂದ ಸುಬ್ಬು. "ಒಂದು ಹಾರ್‌ಕ್ರಕ್ಸ್‌ಗೆ ಬೇಕಾಗೋದು ಒಂದು ಕೊಲೆ, ಒಂದು ಮಂತ್ರ, ಒಂದು ಡಬ್ಬಿ. ಹಾರ್‌ಕ್ರಕ್ಸ್ ಅಂದ್ರೆ ಸಾವು ತಪ್ಪಿಸಿಕೊಳ್ಳೋಕೆ ಆತ್ಮದ ಚೂರು ಬಚ್ಚಿಟ್ಟ ವಸ್ತು. ಕೊಲೆಯಿಂದ ಆತ್ಮ ಸೀಳುತ್ತೆ, ಮಂತ್ರ ಆ ಚೂರನ್ನ ಡಬ್ಬಿಗೆ ಹಾಕುತ್ತೆ. ಅವನ ಪ್ಲಾನು ಹೊರಗೆ ಆರು (ಡೈರಿ, ಉಂಗುರ, ಲಾಕೆಟ್, ಲೋಟ, ಕಿರೀಟ, ಹಾವು), ಒಳಗೆ ಒಂದು, ಒಟ್ಟು ಏಳು. ಆದ್ರೆ ಹ್ಯಾರಿನ ಕೊಲ್ಲೋಕೆ ಹೋದಾಗ ಒಂದು ಚೂರು ಅವನಿಗೇ ಗೊತ್ತಾಗದೆ ಮಗುವಿಗೆ ಅಂಟಿಕೊಳ್ತು. ಹೊರಗೆ ಏಳು, ಒಳಗೆ ಒಂದು. ಎಂಟು."

"ವೋಚರ್ ಇಲ್ಲದ ಖರ್ಚು," ಅಂದಳು ಪದ್ಮಾ.

"ಈಗ ಥಿಯರಿ ಕೇಳಿ. ಪ್ರತಿ ಸಲ ಇದ್ದದ್ದರಲ್ಲಿ ಅರ್ಧ ಹೋಗುತ್ತೆ ಅನ್ಕೊಳ್ಳಿ. ಡೈರಿಗೆ ಅರ್ಧ, ಉಂಗುರಕ್ಕೆ ಕಾಲು, ಮೂರನೇದಕ್ಕೆ ಅರೆಕಾಲು, ಆಮೇಲೆ ಒಂದು ವೀಸ, ಹೀಗೇ ಇಳೀತಾ ಏಳನೇದು ಮುಗಿಯೋ ಹೊತ್ತಿಗೆ ಅವನ ಹತ್ರ ಉಳಿಯೋದು 128ರಲ್ಲಿ ಒಂದು ಭಾಗ. ಬೈ-ಟು ಕಾಫಿನ ಏಳು ಸಲ ಬೈ-ಟು ಮಾಡಿದ ಹಾಗೆ. ನೂರು ಎಂಎಲ್ ಕಾಫಿಯಲ್ಲಿ ಮುಕ್ಕಾಲು ಎಂಎಲ್‌ಗಿಂತ ಸ್ವಲ್ಪ ಜಾಸ್ತಿ. ಒಂದು ಹದಿನೈದು ಹನಿ."

"128 ಹೆಂಗ ಬಂತು? ತಾಳ, ನಾನೂ ಗುಣಿಸ್ತೀನಿ. ಪದ್ಮಾ, ಪೆನ್ ಕೊಡ ಇಲ್ಲೆ," ಅಂದ ಬಸ್ಯಾ. ಅವಳ ಪೆನ್ನಿನಿಂದ ಏಳು ಸಲ ಎರಡನ್ನ ಗುಣಿಸಿ ನೋಡಿ, "ಖರೇ ಐತಿ," ಅಂತ ತಲೆಯಾಡಿಸಿದ.

ಪದ್ಮಾ ಅಷ್ಟಕ್ಕೆ ಬಿಡೋಳಲ್ಲ. "ಸೀಳುತ್ತೆ ಅಂತ ಮಾತ್ರ ಪುಸ್ತಕದಲ್ಲಿರೋದು. ಸಮಪಾಲು ಅಂದಿದ್ದು ನೀನು. ಅದು ನಿಜ ಆದ್ರೆ ಏನು ಕಾಣಬೇಕು ಅಂತ ಮೊದಲು ಹೇಳು."

"ಹಳೇದು ಜೋರಾಗಿರಬೇಕು, ಹೊಸದು ಸಪ್ಪೆ ಆಗಿರಬೇಕು."

"ಸರಿ, ನೋಡೋಣ. ಡೈರಿ ಮಾತಾಡುತ್ತೆ, ಹುಡುಗಿ ಮೈಮೇಲೆ ಬರುತ್ತೆ, ಇನ್ನೇನು ಮೈ ತಳೆದು ಎದ್ದು ನಿಲ್ಲೋದ್ರಲ್ಲಿತ್ತು. ಲಾಕೆಟ್ ಹಾಕ್ಕೊಂಡವರ ತಲೆ ಕೆಡಿಸುತ್ತೆ, ಒಡೆಯೋಕೆ ಹೋದಾಗ ಹ್ಯಾರಿಯ ಗೆಳೆಯ ರಾನ್‌ಗೆ ಭಯಂಕರ ದೃಶ್ಯ ತೋರಿಸುತ್ತೆ, ಆದ್ರೆ ಎದ್ದು ಓಡಾಡಲ್ಲ. ಲೋಟ, ಕಿರೀಟ ಎರಡೂ ಮೂಲೇಲಿ ಸುಮ್ನೆ ಬಿದ್ದಿದ್ವು. ಹಾವು ಓಡಾಡುತ್ತೆ, ಆದ್ರೆ ಅದು ಮೊದಲೇ ಹಾವು, ಅದರ ಮಾರ್ಕ್ಸ್ ಇದಕ್ಕೆ ಸೇರಿಸೋಹಾಗಿಲ್ಲ. ಥಿಯರಿ ಸತ್ಯ ಅನ್ನಲ್ಲ ನಾನು. ಜಸ್ಟ್ ಪಾಸ್."

ಹರಟೆಯಲ್ಲಿ ಇಷ್ಟು ಶಿಸ್ತು ಅಪರೂಪ. ಸಾಮಾನ್ಯವಾಗಿ ಥಿಯರಿ ಕಟ್ಟೋರು ತಮ್ಮ ಕಡೆ ಇರೋ ಸಾಕ್ಷಿ ಹತ್ತು ಕೂಡಿಸ್ತಾರೆ, ಯಾವುದು ಸಿಕ್ಕರೆ ತಮ್ಮ ಥಿಯರಿ ಸತ್ತಹಾಗೆ ಅಂತ ಒಂದು ಸಾಲೂ ಬರೆದಿಟ್ಟುಕೊಳ್ಳಲ್ಲ.

"ಅಲ್ಲಪಾ, ಇದರಾಗ ಹೊಸಾದೇನೈತಿ?" ಅಂದ ಬಸ್ಯಾ. "ಅಜ್ಜಿ ಕಥಿ ಒಳಗ ರಾಕ್ಷಸನ ಪ್ರಾಣ ಏಳು ಸಮುದ್ರದ ಆಚೆ, ಪಂಜರದಾಗಿನ ಗಿಳಿಯೊಳಗ ಇರ್ತೈತಿ. ರಷ್ಯಾದಾಗ ಕೊಶ್ಚೇಯ್ ಅಂತ ಒಬ್ಬಾವ ಅದಾನ. ಅವನ ಸಾವು ಸೂಜಿ ಮೊನಿಯೊಳಗ. ಸೂಜಿ ತತ್ತಿಯೊಳಗ, ತತ್ತಿ ಬಾತುಕೋಳಿಯೊಳಗ, ಬಾತುಕೋಳಿ ಮೊಲದೊಳಗ, ಮೊಲ ಪೆಟ್ಟಿಗಿಯೊಳಗ, ಪೆಟ್ಟಿಗಿ ಓಕ್ ಗಿಡದ ಬುಡಕ್ಕ."

"ಅದು ಪ್ಯಾಕಿಂಗು," ಅಂದಳು ಪದ್ಮಾ. "ಕೆಲಸ ಮಾಡೋ ರೀತಿ ಬೇರೆ. ಗಿಳಿ ಕಾಲು ಮುರಿದ್ರೆ ಅಲ್ಲಿ ರಾಕ್ಷಸನ ಕಾಲು ಮುರಿಯುತ್ತೆ. ಡೈರಿಗೆ ಹಾವಿನ ಹಲ್ಲು ಚುಚ್ಚಿದಾಗ ವೋಲ್ಡೆಮಾರ್ಟನಿಗೆ ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗ್ಲಿಲ್ಲ. ಗಿಳಿದು ಲೈವ್ ಕನೆಕ್ಷನ್, ಇವನದು ಬ್ಯಾಕಪ್. ರಾಕ್ಷಸ ಬ್ಯಾಕಪ್ ಇಡಲಿಲ್ಲ, ಇವನು ಇಟ್ಟ ಬ್ಯಾಕಪ್ಪನ್ನ ಚೆಕ್ ಮಾಡಲಿಲ್ಲ. ಇಬ್ಬರೂ ಹೋದ್ರು."

"ಮತ್ತ ಆತ್ಮ, ಆತ್ಮ ಅನ್ನಬ್ಯಾಡ್ರಿ. ಆತ್ಮನ್ನ ಶಸ್ತ್ರ ಕಡಿಯಂಗಿಲ್ಲ, ಬೆಂಕಿ ಸುಡಂಗಿಲ್ಲ ಅಂತ ಗೀತಾದ ಎರಡನೇ ಅಧ್ಯಾಯದಾಗ ಐತಿ. ಇಲ್ಲಿ ನೋಡಿದ್ರ ಹಾವಿನ ಹಲ್ಲು, ಕತ್ತಿ, ಬೆಂಕಿ, ಮೂರೂ ಬರೊಬ್ಬರಿ ಕೆಲಸ ಮಾಡ್ಯಾವ. ಇದಕ್ಕ ಪ್ರಾಣ ಅನ್ರಿ, ಸಾಕು."

ಬಸ್ಯಾನ ಈ ತಕರಾರಿಗೆ ತೂಕ ಇದೆ. ಸೋಲ್ ಅನ್ನೋ ಪದ ಕಂಡ ಕಡೆಯೆಲ್ಲ ಆತ್ಮ ಅಂತ ಇಟ್ಟುಕೊಂಡು ಓದಿದರೆ, ಸೀಳೋದೇ ಅಸಾಧ್ಯವಾದ ವಸ್ತುವಿನ ಸೀಳಿಕೆಯ ಬಗ್ಗೆ ನಾವು ವಾದ ಮಾಡ್ತಾ ಕೂತಿರ್ತೀವಿ. ಗಿಳಿಯಲ್ಲಿ ಇಡೋದು ಪ್ರಾಣ ಅಂತ ಅಜ್ಜಿಯರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಎರಡನೇ ಪ್ಲೇಟ್ ಬೋಂಡಾ ಬಂತು. ಮಾತು ಮುನ್ಸೂಚನೆಗೆ ಹೊರಳಿತು.

"ಮುನ್ಸೂಚನೆ ಅಂದ್ರೆ ವಸ್ತುನ ಕಣ್ಣೆದುರಿಗೇ ಇಟ್ಟು, ಅದಕ್ಕೆ ಬೇರೆ ಕೆಲಸದ ನೆಪ ಹೇಳೋದು," ಅಂತ ಪದ್ಮಾ ಶುರು ಮಾಡಿದಳು. "2003ರ ಐದನೇ ಪುಸ್ತಕದಲ್ಲಿ ಹಳೇ ಮನೆ ಗುಡಿಸೋ ಸೀನಿದೆ. ಕಚ್ಚೋ ನಶ್ಯದ ಡಬ್ಬಿ, ನಿದ್ದೆ ಬರಿಸೋ ಸಂಗೀತದ ಪೆಟ್ಟಿಗೆ, ಮಧ್ಯದಲ್ಲಿ ಯಾರ ಕೈಲೂ ತೆಗೆಯೋಕಾಗದ ಭಾರದ ಲಾಕೆಟ್. ಓದೋನು ನಶ್ಯದ ಡಬ್ಬಿಗೆ ನಕ್ಕು ಮುಂದೆ ಹೋಗ್ತಾನೆ. ಹಾರ್‌ಕ್ರಕ್ಸ್ ಅನ್ನೋ ಪದವೇ ಬರೋದು 2005ರಲ್ಲಿ. ಆ ಪುಸ್ತಕದಲ್ಲೇ ಹ್ಯಾರಿ ಒಂದು ಪುಸ್ತಕ ಬಚ್ಚಿಟ್ಟು, ಜಾಗ ಗುರುತಿಗೆ ಅಂತ ಒಂದು ಮುರುಕು ಗೊಂಬೆ ತಲೆ ಇಟ್ಟು, ಅದಕ್ಕೊಂದು ವಿಗ್ಗು, ಮಾಸಿದ ಕಿರೀಟ ಹಾಕ್ತಾನೆ. ಹುಡುಕ್ತಿರೋ ವಸ್ತುವನ್ನ ತನ್ನ ಕೈಯಿಂದಲೇ ಎತ್ತಿಟ್ಟಿದಾನೆ!"

"ಅದಕ್ಕಿಂತ ಬೀರು ಚೆನ್ನಾಗಿದೆ," ಅಂದ ಸುಬ್ಬು. "1998ರ ಎರಡನೇ ಪುಸ್ತಕದಲ್ಲಿ ಅಂಗಡಿಯಲ್ಲಿ ಒಂದು ಕಪ್ಪು ಬೀರು, ಹ್ಯಾರಿ ಅವಿತುಕೊಳ್ಳೋಕೆ. ಅದೇ ಪುಸ್ತಕದಲ್ಲಿ ಶಾಲೆಯಲ್ಲೊಂದು ಬೀರು, ದೆವ್ವ ಅದನ್ನ ಎತ್ತಿ ಹಾಕಿ ಒಡೆಯುತ್ತೆ, ಹ್ಯಾರಿಗೆ ಶಿಕ್ಷೆ ತಪ್ಪುತ್ತೆ. ಐದನೇದ್ರಲ್ಲಿ ಒಬ್ಬನನ್ನ ಅದರೊಳಗೆ ತಳ್ತಾರೆ, ನಾವು ನಗ್ತೀವಿ. ಆರನೇದ್ರಲ್ಲಿ ಅದೇ ಜೋಡಿ ಬೀರಿನ ಮೂಲಕ ವೈರಿಗಳು ಶಾಲೆ ಒಳಗೆ ಬರ್ತಾರೆ. ಪ್ರತಿ ಸಲಕ್ಕೂ ಒಂದು ಬೇರೆ ನೆಪ."

"ಮೂರು ಸಲ," ಅಂದಳು ಪದ್ಮಾ. "ಒಂದು ಸಲ ಬಂದ್ರೆ ಅಲಂಕಾರ, ಎರಡು ಸಲ ಬಂದ್ರೆ ಅನುಮಾನ. ಮೂರನೇ ಸಲವೂ ಬೇರೆ ನೆಪದಲ್ಲಿ ಬಂದ್ರೆ ಪುಟದ ನಂಬರ್ ಬರೆದಿಟ್ಟುಕೋ. ಲಾಕೆಟ್, ಕಿರೀಟದಂಥವು ಈ ಜರಡಿಯಲ್ಲಿ ಕೆಳಗೆ ಬಿದ್ದುಹೋಗ್ತವೆ, ಅದು ಬೇರೆ ಮಾತು. ಅವಕ್ಕೆ ಪಟ್ಟಿ ಓದಬೇಕು. ಪಟ್ಟಿಯಲ್ಲಿ ತಮಾಷೆಯಾಗಿಲ್ಲದ ವಸ್ತು ಯಾವುದು ಅಂತ ನೋಡಬೇಕು."

"ಅನುವಾದಾನೂ ಓದಬೇಕ್ರೆಪಾ," ಅಂದ ಬಸ್ಯಾ. "ಖೊಟ್ಟಿ ಲಾಕೆಟ್‌ನಾಗ ಚೀಟಿ ಬರದಾವ ಆರ್.ಎ.ಬಿ. ಯಾರು ಅಂತ ಮಂದಿ ಎರಡು ವರ್ಷ ಬಡಿದಾಡಿದ್ರು. ಡಚ್ ಪುಸ್ತಕದಾಗ ಅದು ಆರ್.ಎ.ಝಡ್ ಆಗಿತ್ತು, ನಾರ್ವೇದಾಗ ಆರ್.ಎ.ಎಸ್, ಫಿನ್ಲೆಂಡಿನ್ಯಾಗ ಆರ್.ಎ.ಎಂ. ಬ್ಲ್ಯಾಕ್ ಮನೆತನದ ಹೆಸರು ಅಲ್ಲೆ ಜ್ವಾರ್ಟ್ಸ್, ಸ್ವಾರ್ಟ್, ಮುಸ್ತಾ. ಎಲ್ಲಾ ಕರೀದು! ಬರದಾವ ರೆಗ್ಯುಲಸ್ ಬ್ಲ್ಯಾಕ್, ಕೇಸ್ ಖಲಾಸ್."

"ಕನ್ನಡದಲ್ಲಾಗಿದ್ರೆ ಆರ್.ಎ.ಕೆ. ರೆಗ್ಯುಲಸ್ ಕರಿಯಪ್ಪ," ಅಂದ ಸುಬ್ಬು. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

ಅಲ್ಲಿಂದ ಮಾತು 'ಗೇಮ್ ಆಫ್ ಥ್ರೋನ್ಸ್' ಬರೆದ ಜಾರ್ಜ್ ಮಾರ್ಟಿನ್ನರ ಊರಿಗೆ ಬಂತು. ಜಾನ್ ಸ್ನೋ ಯಾರ ಮಗ ಅನ್ನೋದು ಹಳಸಿದ ವಿಷಯ. ಟೀವಿಯವರು 2016ರಲ್ಲಿ ಹೇಳಿಯೂ ಬಿಟ್ಟರು. ಆದರೂ ಅದರಲ್ಲಿ ಮೆಚ್ಚಬೇಕಾದ್ದು ಜಾನ್‌ನನ್ನ ತನ್ನ ಮಗ ಅಂತ ಸಾಕಿದ ನೆಡ್ ಸ್ಟಾರ್ಕ್‌ನ ಬಾಯಿಯ ಎಚ್ಚರ. ಜಾನ್ ಬಗ್ಗೆ ಕೇಳಿದ ಹೆಂಡತಿಗೆ ಅವನು ಕೊಟ್ಟ ಉತ್ತರ 'ಅವನು ನನ್ನ ರಕ್ತ' ಅಂತ. ತಂಗಿಯ ಮಗನಾದರೂ ಆ ಮಾತು ಸುಳ್ಳಲ್ಲ. 1996ರ ಪುಸ್ತಕದಲ್ಲಿ ಒಂದು ಪದವನ್ನ ಅಷ್ಟು ನಾಜೂಕಾಗಿ ಆರಿಸಿ ಇಟ್ಟಿದ್ದಾರೆ.

"ನನಗೆ ಅದಕ್ಕಿಂತ 2011ರ ಐದನೇ ಪುಸ್ತಕದ ಮುನ್ನುಡಿ ಅಧ್ಯಾಯ ಇಷ್ಟ," ಅಂದಳು ಪದ್ಮಾ. "ವಾರಮೀರ್ ಅಂತ ಒಬ್ಬ, ಪ್ರಾಣಿಗಳ ಮೈ ಹೊಗೋನು. ಅವನು ಸಾಯ್ತಾ ಸಾಯ್ತಾ ಇಡೀ ರೂಲ್ ಬುಕ್ ಒಪ್ಪಿಸ್ತಾನೆ. ನಾಯಿ ಸುಲಭ, ಬೆಕ್ಕು ಮಾತು ಕೇಳಲ್ಲ, ಹಕ್ಕಿ ಅಪಾಯ, ಯಾಕಂದ್ರೆ ಇಳಿಯೋಕೆ ಮನಸ್ಸು ಬರಲ್ಲ. ಮೈ ಸತ್ತ ಮೇಲೆ ಪ್ರಾಣಿಯೊಳಗೆ ಎರಡನೇ ಬಾಳು ಸಿಗುತ್ತೆ, ಆದ್ರೆ ದಿನ ಹೋದ ಹಾಗೆ ಮನುಷ್ಯನ ನೆನಪು ಕರಗಿ ಕೊನೆಗೆ ತೋಳವೇ ಉಳಿಯುತ್ತೆ. ಮಹಾಪಾಪ ಮೂರು: ಪ್ರಾಣಿಯಾಗಿದ್ದಾಗ ನರಮಾಂಸ ತಿನ್ನೋದು, ಪ್ರಾಣಿಯೊಡನೆ ಕೂಡೋದು, ಇನ್ನೊಬ್ಬ ಮನುಷ್ಯನ ಮೈ ಕಸಿಯೋದು. ಪುಸ್ತಕದ ಕೊನೆಯ ಹತ್ರ ಜಾನ್‌ಗೆ ಚೂರಿ ಬೀಳುತ್ತೆ. ಅವನ ಬಾಯಿಂದ ಬರೋ ಕಡೇ ಮಾತು 'ಗೋಸ್ಟ್', ಅವನ ತೋಳದ ಹೆಸರು. ಮೊದಲ ಅಧ್ಯಾಯದಲ್ಲಿ ರೂಲ್ಸು, ಕೊನೆಯಲ್ಲಿ ಅದರ ಖರ್ಚು."

"ಹಂಗಾದ್ರ ಶಂಕರಾಚಾರ್ಯರು ಅಮರುಕ ರಾಜನ ಮೈ ಹೊಕ್ಕಿದ್ದು ಮೂರನೇ ಕಲಂ ಅಡಿ ಬರತೈತೇನು?" ಬಸ್ಯಾನ ಕಣ್ಣು ಮಿನುಗಿತು.

"ಬರಲ್ಲ. ಆ ಕಥೆಯಲ್ಲಿ ರಾಜ ಆಗಲೇ ತೀರಿಕೊಂಡಿದ್ದ. ಖಾಲಿ ಮನೆಗೆ ಬಾಡಿಗೆಗೆ ಹೋಗೋದು ಬೇರೆ, ಒಳಗಿದ್ದವರನ್ನ ಆಚೆ ತಳ್ಳೋದು ಬೇರೆ. ವಾರಮೀರ್ ಬದುಕಿದ್ದ ಹೆಂಗಸಿನ ಮೈಗೆ ನುಗ್ಗಿದ. ಅವಳು ತನ್ನ ನಾಲಿಗೆ ತಾನೇ ಕಚ್ಚಿಕೊಂಡು, ಕಣ್ಣು ಪರಚಿಕೊಂಡು ಅವನನ್ನ ಒಳಗೆ ನಿಲ್ಲೋಕೇ ಬಿಡಲಿಲ್ಲ. ಜೊತೆಗೆ ಶಂಕರರು ತಮ್ಮ ಮೈ ಕಾಯೋಕೆ ಶಿಷ್ಯರನ್ನ ಇಟ್ಟುಹೋಗಿದ್ರು. ವಾಪಸ್ ಬರೋ ಯೋಚನೆ ಇರೋರ ಲಕ್ಷಣ ಅದು."

"ಜಾನ್‌ನ ಮೈ ಕಾಯೋಕೆ ಯಾರಿದಾರೆ?"

"ಆರನೇ ಪುಸ್ತಕ ಬರಲಿ, ಹೇಳ್ತೀನಿ."

ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಅದು ಗೌರವದ ಮೌನವೋ, ಹತಾಶೆಯದೋ.

"ಕೆಟ್ಟ ಥಿಯರಿ ಹೇಗೆ ಹುಟ್ಟುತ್ತೆ ಗೊತ್ತಾ?" ಸುಬ್ಬು ಇನ್ನೊಂದು ಟಿಶ್ಯೂ ಎಳೆದುಕೊಂಡ. "ರಾನೇ ಮುಂದೆ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಆಗ್ತಾನೆ, ಕಾಲದಲ್ಲಿ ಹಿಂದೆ ಹೋಗಿ, ಅಂತ ಒಂದಿತ್ತು. ಸಾಕ್ಷಿ ಏನು? ಇಬ್ಬರೂ ಉದ್ದ, ಇಬ್ಬರಿಗೂ ಉದ್ದ ಮೂಗು, ಇಬ್ಬರಿಗೂ ಕೆಂಗೂದಲು, ಇಬ್ಬರಿಗೂ ಸಿಹಿ ಇಷ್ಟ. ಡಂಬಲ್‌ಡೋರ್ ಮಂಡಿ ಮೇಲೆ ಗಾಯದ ಗುರುತಿದೆ, ರಾನ್ ಕಾಲು ಮೂರನೇ ಪುಸ್ತಕದಲ್ಲಿ ಮುರಿಯುತ್ತೆ. ಹೋಲಿಕೆಯಷ್ಟೇ! ಕಥೆಗೆ ಅದರಿಂದ ಏನು ಆಗಬೇಕು ಅನ್ನೋದಕ್ಕೆ ಉತ್ತರ ಇಲ್ಲ. ಏಳನೇ ಪುಸ್ತಕದಲ್ಲಿ ಮುದುಕನ ತಾಯಿ, ತಂಗಿ, ತಮ್ಮ ಎಲ್ಲ ಬಂದು ನಿಂತ್ರು, ಥಿಯರಿ ಮಲಗಿತು."

"ಎರಡನೇ ಪುಸ್ತಕದಲ್ಲಿ ಒಂದು ಹೆಸರಿನ ಅಕ್ಷರ ಅದಲು ಬದಲು ಮಾಡಿ ವಿಲನ್ ಹೆಸರು ಬಂತಲ್ಲ," ಅಂದಳು ಪದ್ಮಾ, "ಅಲ್ಲಿಂದ ಮುಂದೆ ಜನ ಕಂಡಕಂಡ ಹೆಸರನ್ನೆಲ್ಲ ಮಿಕ್ಸಿಗೆ ಹಾಕಿದ್ರು."

"ಸರಪಳಿ ಥಿಯರಿ ಇನ್ನೂ ಮೋಸ. ಇದು ನಿಜ ಆದ್ರೆ ಅದು, ಅದಾದ್ರೆ ಮತ್ತೊಂದು ಅಂತ ಐದು ಮೆಟ್ಟಿಲು. ಒಂದೊಂದಕ್ಕೂ ನೂರಕ್ಕೆ ಎಪ್ಪತ್ತು ಕೊಡು, ಉದಾರವಾಗಿ. ಗುಣಿಸಿದ್ರೆ ಕೊನೆಗೆ ಉಳಿಯೋದು 17. ಎಪ್ಪತ್ತು ಎಪ್ಪತ್ತು ಅಂತ ಕೇಳಿದವನಿಗೆ ಫಸ್ಟ್ ಕ್ಲಾಸ್ ಅನ್ಸುತ್ತೆ, ಮಾರ್ಕ್ಸ್ ಕಾರ್ಡ್ ನೋಡಿದ್ರೆ ಫೇಲು."

"ಕೆಲವು ಸಲ ಉತ್ತರ ಬಂದ ಜಾಗಾನ ಕೆಟ್ಟದಿರತೈತಿ," ಅಂದ ಬಸ್ಯಾ. "ಜೋರ್ಡನ್ ಬರೆದ ವ್ಹೀಲ್ ಆಫ್ ಟೈಮ್ ಐದನೇ ಪುಸ್ತಕದ ಕೊನಿಗೆ ಅಸ್ಮೋಡಿಯನ್ ಅನ್ನಾವ ಬಾಗಲಾ ತಗದು 'ನೀನಾ?' ಅಂತಾನ, ಸಾಯ್ತಾನ. ಯಾರು ಕೊಂದ್ರು? ಉತ್ತರ ಬಂದಿದ್ದು ಹದಿಮೂರನೇ ಪುಸ್ತಕದಾಗ. ಸುಬ್ಬು, ನಿನ್ನ ಫೋನ್‌ನಾಗ ಇಸವಿ ನೋಡು."

ಸುಬ್ಬು ನೋಡಿದ. "ಸತ್ತಿದ್ದು 1993. ಉತ್ತರ 2010. ಹದಿನೇಳು ವರ್ಷ. ಅಷ್ಟರಲ್ಲಿ 2007ರಲ್ಲಿ ಜೋರ್ಡನ್ ತೀರಿಕೊಂಡು, ಸ್ಯಾಂಡರ್ಸನ್ ಬರೆಯೋ ಹಾಗಾಗಿತ್ತು. ಅದೂ ಎಲ್ಲಿ ಬರೆದ್ರು? ಕಥೆಯೊಳಗಲ್ಲ, ಹಿಂದಿನ ಪದಕೋಶದಲ್ಲಿ! ಗ್ರೆಂಡಾಲ್ ಅನ್ನೋ ಹೆಸರಿನ ವಿವರಣೆಯ ಜೊತೆಗೆ."

"ಉಪ್ಪಿನಕಾಯಿ ಹುಡುಕೋಕೆ ಹೋದವನಿಗೆ ಊಟದೆಲೆ ಸಿಕ್ಕಹಾಗೆ," ಅಂತ ಪದ್ಮಾ ನಕ್ಕಳು. "ಸ್ಯಾಂಡರ್ಸನ್ ತನ್ನ ಸ್ವಂತ ಪುಸ್ತಕದಲ್ಲಿ ಹಾಗೆ ಮಾಡಲ್ಲ. ಮಿಸ್ಟ್‌ಬಾರ್ನ್ ಎರಡನೇ ಭಾಗದ ಮೊದಲ ಅಧ್ಯಾಯದ ನೆತ್ತಿ ಮೇಲೇ ಒಂದು ಬರಹ ಇದೆ. ಇದನ್ನ ಉಕ್ಕಿನ ಮೇಲೆ ಬರೀತಿದೀನಿ, ಲೋಹದ ಮೇಲಿಲ್ಲದ್ದನ್ನ ನಂಬೋಕಾಗಲ್ಲ ಅಂತ. ಓದಿದವರೆಲ್ಲ ಶಾಸನದ ಗತ್ತು ಅನ್ಕೊಂಡ್ರು. ಅದು ಗತ್ತಲ್ಲ, ಬಳಕೆಯ ಸೂಚನೆ! ಆ ಲೋಕದಲ್ಲಿ ಒಂದು ಶಕ್ತಿ ಕಾಗದದ ಮೇಲಿನ ಅಕ್ಷರಾನ ತಿದ್ದುತ್ತೆ, ಲೋಹದ್ದನ್ನ ಮುಟ್ಟೋಕಾಗಲ್ಲ. ನಾಯಕಿ ಕಿವಿಯ ಓಲೆ ಮೊದಲ ಪುಸ್ತಕದಿಂದ ಅವಳ ಕಿವಿಯಲ್ಲೇ ಇದೆ, ತಾಯಿಯ ನೆನಪು ಅನ್ನೋ ನೆಪದಲ್ಲಿ. ಮೂರನೇದಕ್ಕೆ ಬಂದ್ರೆ ಅದು ಆತ್ಮಕ್ಕೆ ಹೊಡೆದ ಮೊಳೆ. ಆ ಶಕ್ತಿ ಅವಳ ತಲೆಯೊಳಗೆ ಮಾತಾಡೋದೇ ಅದರ ದಾರಿಯಲ್ಲಿ."

"ಪ್ರಾಣಕ್ಕ," ಅಂತ ಬಸ್ಯಾ ತಿದ್ದಿದ.

ಮಾಣಿ ಬಿಲ್ಲು ತಂದು ಬಸ್ಯಾನ ಮುಂದಿಟ್ಟ. ಬೋಂಡಾ ಎರಡು ಪ್ಲೇಟು ಆರ್ಡರ್ ಮಾಡಿದ್ದು ಅವನೇ. ಬಸ್ಯಾ ಫ್ಯಾನಿನ ರೆಕ್ಕೆ ಎಣಿಸತೊಡಗಿದ.

"ತಾಳಿ," ಅಂದಳು ಪದ್ಮಾ. "ಮೊದಲು ಹೊಸ ಜುಬ್ಬ, ಎಣ್ಣೆ ತಾಗುತ್ತೆ ಅನ್ನೋ ನೆಪ. ಆಮೇಲೆ ಪೆನ್ನು ನನ್ನದು, ಗುಣಿಸೋ ನೆಪ. ಆಮೇಲೆ ಫೋನು ಸುಬ್ಬೂದು, ಇಸವಿ ನೋಡೋ ನೆಪ. ಮೂರು ಸಲ. ಬಸ್ಯಾ, ಈ ಜುಬ್ಬಕ್ಕೆ ಜೇಬಿಲ್ಲ."

ಬಸ್ಯಾ ಎರಡೂ ಕೈಯಿಂದ ಮೈ ಸವರಿ ನೋಡಿಕೊಂಡ. "ದರ್ಜಿ ಮರೆತಾನ. ಮುಂದಿನ ಭಾಗದಾಗ ಕೊಡ್ತೀನಿ."

"2011ರಿಂದ ಇದನ್ನೇ ಕೇಳ್ತಿದೀವಿ," ಅಂತ ಪದ್ಮಾ ಪರ್ಸು ತೆಗೆದಳು.