ಟ್ಯಾಬ್ ಬರುತ್ತಿದೆ, ಓದು ಬಂದಿಲ್ಲ. ಏನು ಮಾಡಬೇಕು?

ಪ್ರೈಮರಿ ಮೇಷ್ಟ್ರು: ನಮ್ಮ ಸರ್ಕಾರಿ ಶಾಲೆಗೆ ಹಳೆ ವಿದ್ಯಾರ್ಥಿಗಳು ಟ್ಯಾಬ್ ಕೊಡಿಸುತ್ತಿದ್ದಾರೆ. ಐದನೇ ಕ್ಲಾಸಿನಿಂದ ವಾರಕ್ಕೆ ಎರಡು ಪೀರಿಯಡ್ ಅದಕ್ಕೇ ಬಿಡಬೇಕು ಅಂತ ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿ ಸಭೆಯಲ್ಲಿ ಮಾತಾಯಿತು. ನನಗೆ ಒಪ್ಪಿಗೆ ಇಲ್ಲ. ಒತ್ತಕ್ಷರ ಬಂದರೆ ನಿಂತುಬಿಡುವ ಮಕ್ಕಳು ಆ ಕ್ಲಾಸಿನಲ್ಲೂ ಇದ್ದಾರೆ. ಮಕ್ಕಳ ಕಲಿಕೆ ಎಷ್ಟು ಅಂತ ನೋಡುವ ಅಸರ್ ಸಮೀಕ್ಷೆ 2023ರಲ್ಲಿ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ ನಡೆಯಿತು. 14ರಿಂದ 18 ವರ್ಷದವರಲ್ಲಿ ಸುಮಾರು ಕಾಲು ಭಾಗದವರಿಗೆ ತಮ್ಮದೇ ಭಾಷೆಯ ಎರಡನೇ ಕ್ಲಾಸಿನ ಪಾಠವನ್ನು ಸರಾಗವಾಗಿ ಓದಲು ಬರಲಿಲ್ಲ. ಮೊದಲು ಅದು ಸರಿಹೋಗಲಿ.

ಹಾಸನದ ತಾಯಿ: ಸರ್, ಅದೇ ಸಮೀಕ್ಷೆಯಲ್ಲಿ ಸುಮಾರು ನೂರಕ್ಕೆ 90 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಬಳಸುವುದೂ ಗೊತ್ತಿತ್ತು. ಓದು ಬರುವ ತನಕ ಫೋನು ಕಾಯುವುದಿಲ್ಲ, ಆಗಲೇ ಕೈಗೆ ಬಂದಿದೆ. ರೀಲ್ಸ್ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇಕಾದ ಮಾಹಿತಿ ಹುಡುಕುವುದು, ಅದು ನಿಜವಾ ಅಂತ ನೋಡುವುದು, ಇವನ್ನು ಮನೆಯಲ್ಲಿ ಯಾರು ಕಲಿಸುತ್ತಾರೆ?

ರವಿ, ಪುಣೆ: ಮೇಷ್ಟ್ರ ಮಾತು ಸರಿ ಅನ್ನಿಸುತ್ತದೆ. ಸ್ವೀಡನ್‌ನಂಥ ದೇಶವೇ 2023ರಲ್ಲಿ ಶಾಲೆಗಳಿಗೆ ಮತ್ತೆ ಅಚ್ಚಿನ ಪುಸ್ತಕ ತರಲು ದುಡ್ಡು ಇಟ್ಟಿತು. ಚಿಕ್ಕ ಮಕ್ಕಳಿಗೆ ಪುಸ್ತಕ, ಪೆನ್ಸಿಲ್ ಸಾಕು.

ಸೌಮ್ಯ: ಸ್ವೀಡನ್‌ನಲ್ಲಿ ಸ್ಕ್ರೀನು ಜಾಸ್ತಿಯಾಗಿತ್ತು, ಕಡಿಮೆ ಮಾಡಿದರು. ನಮ್ಮ ಹಳ್ಳಿ ಹುಡುಗಿಯರ ಸ್ಥಿತಿ ಬೇರೆ. ಆ 2023ರ ಸಮೀಕ್ಷೆಯಲ್ಲೇ ಫೋನು ಬಳಸಲು ಬಲ್ಲ ಹುಡುಗರಲ್ಲಿ ನೂರಕ್ಕೆ ಸುಮಾರು 44 ಮಂದಿಗೆ ಸ್ವಂತ ಫೋನಿತ್ತು, ಹುಡುಗಿಯರಲ್ಲಿ ಸುಮಾರು 20 ಮಂದಿಗೆ. ಮನೆಯ ಫೋನು ಅಣ್ಣನ ಜೇಬಿನಲ್ಲಿರುತ್ತದೆ. ಶಾಲೆಯಲ್ಲೂ ಬೇಡ ಅಂದರೆ ಅವಳು ಕಲಿಯುವುದು ಎಲ್ಲಿ?

ಪಂಚಾಯ್ತಿ ಲೈಬ್ರರಿ: ನಾನು ಅರಿವು ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಸ್ಕಾಲರ್‌ಶಿಪ್ ಅರ್ಜಿ ಹಾಕಲು ಪಿಯುಸಿ ಮಕ್ಕಳು ಬರುತ್ತಾರೆ. ಫೋನು ಸರಸರ ತಿರುಗಿಸುತ್ತಾರೆ. ಆದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಆಧಾರಿನ ಹೆಸರಿಗೂ ಶಾಲೆಯ ದಾಖಲೆಯ ಹೆಸರಿಗೂ ತಾಳೆ ಇಲ್ಲ ಅಂತ ಬಂದರೆ, ಆ ಒಂದು ಸಾಲನ್ನು ಓದುವುದೇ ಇಲ್ಲ. ಸುಮ್ನೆ ಮತ್ತೆ ಮತ್ತೆ ಒತ್ತುತ್ತಾರೆ. ಯುಪಿಐನಲ್ಲೂ ಹಾಗೇ, ದುಡ್ಡು ಬರುತ್ತದೆ ಅಂತ ನಂಬಿಸಿ ಪಿನ್ ಒತ್ತಿಸುವ ಮೋಸಕ್ಕೆ ಬೀಳುತ್ತಾರೆ. ದುಡ್ಡು ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು. ಎಷ್ಟು ರೂಪಾಯಿ ಯಾರಿಗೆ ಹೋಗುತ್ತದೆ ಅಂತ ಪಿನ್ ಒತ್ತುವ ಮುಂಚೆ ಸ್ಕ್ರೀನಿನಲ್ಲೇ ಬರೆದಿರುತ್ತದೆ. ಓದಿದವರು ಉಳಿದರು. ಇದನ್ನು ಕನ್ನಡದ ಪಾಠ ಅಂತೀರೋ, ಕಂಪ್ಯೂಟರ್ ಪಾಠ ಅಂತೀರೋ? ನನಗಂತೂ ಎರಡೂ ಒಂದೇ. ಬೇರೆ ಪೀರಿಯಡ್ ಯಾಕೆ ಬೇಕು? ಕನ್ನಡ ಪೀರಿಯಡ್ಡಿನಲ್ಲೇ ಅಂಥ ಒಂದು ಮೆಸೇಜನ್ನು ಬೋರ್ಡಿನ ಮೇಲೆ ಬರೆದು ಓದಿಸಿ. ಟ್ಯಾಬ್ ಕೂಡ ಬೇಕಿಲ್ಲ.

ಪ್ರೈಮರಿ ಮೇಷ್ಟ್ರು: ಬೋರ್ಡಿನ ಮೇಲೆ ಮೆಸೇಜ್ ಓದಿಸುವುದು ನನಗೂ ಒಪ್ಪಿಗೆ. ಅರ್ಜಿ ನಮೂನೆ ತುಂಬಿಸುವುದನ್ನೂ ಹಾಗೇ ಮಾಡಬಹುದು. ಆದರೆ ಮೂರನೇ ಕ್ಲಾಸಿನವರೆಗೆ ಸ್ಕ್ರೀನ್ ಬೇಡ. ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿಯ ಕಾರ್ಡು ಹಿಡಿದು, ಜೊತೆಯವರೊಡನೆ ಕೂತು ಓದಿ ಕಲಿಯುವ ವಯಸ್ಸು ಅದು. ಅದನ್ನು ಬಿಟ್ಟುಕೊಡಲಾರೆ.

ಹಾಸನದ ತಾಯಿ: ಅಷ್ಟಕ್ಕೆ ನನ್ನದೂ ತಕರಾರಿಲ್ಲ. ಐದರ ನಂತರ ಟ್ಯಾಬಿನಲ್ಲಿ ಕನ್ನಡ ಟೈಪಿಂಗ್ ಕಲಿಸಿ. ‘ನಾಳೆ ಬರ್ತೀನಿ’ ಅಂತ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ ಈಗ. ಕೀಲಿಮಣೆಯಲ್ಲಿ ‘ಕ್ಷ’ ಮೂಡಿಸಬೇಕಾದರೆ ಕ, ಷ, ನಡುವೆ ಅರ್ಧಾಕ್ಷರದ ಗುರುತು ಅಂತ ಬಿಡಿಸಿ ಯೋಚಿಸಬೇಕು. ನಿಮ್ಮ ಒತ್ತಕ್ಷರದ ತೊಂದರೆಗೂ ಇದರಿಂದ ಸಹಾಯ ಆಗಬಹುದು.

ರವಿ, ಪುಣೆ: ಕಲಿಸುವವರು ಯಾರು? ಮೇಷ್ಟ್ರಿಗೆ ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ, ಸಮೀಕ್ಷೆ ಎಲ್ಲಾ ಇದೆ.

ಪಂಚಾಯ್ತಿ ಲೈಬ್ರರಿ: ಶನಿವಾರ ಶಾಲೆ ಬಿಟ್ಟ ಮೇಲೆ ಆರು, ಏಳನೇ ಕ್ಲಾಸಿನವರನ್ನು ಲೈಬ್ರರಿಗೆ ಕಳಿಸಿ ಮೇಷ್ಟ್ರೇ. ನಮ್ಮಲ್ಲಿ ಕಂಪ್ಯೂಟರ್ ಇದೆ, ನಾನು ಕೂರುತ್ತೇನೆ. ಹುಡುಗಿಯರನ್ನು ಮೊದಲು ಕಳಿಸಿ, ಹುಡುಗರು ಬಂದರೆ ಮೌಸ್ ಬಿಡುವುದಿಲ್ಲ.