ಹೋಟೆಲ್ ಟ್ರಾನ್ಸಿಲ್ವೇನಿಯಾ ಲೈವ್ ಆಕ್ಷನ್ ಆಗಬೇಕಾ?

ಪ್ರಶ್ನೆ: 2012ರ ಈ ಕಾರ್ಟೂನ್ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಮಗಳಿಗೆ 118 ವರ್ಷವಾದರೂ ಹೊರಗೆ ಬಿಡಲು ಹೆದರುವ ರಕ್ತಪಿಶಾಚಿ ಡ್ರಾಕುಲಾ, ಅವನ ಹೋಟೆಲಿಗೆ ಬ್ಯಾಗ್ ಹೊತ್ತು ಬಂದುಬಿಡುವ ಮನುಷ್ಯ ಹುಡುಗ ಜಾನಿ. ನಿಜವಾದ ನಟರನ್ನು ಹಾಕಿ ಮತ್ತೆ ಮಾಡಿದರೆ ಚೆನ್ನಾಗಿರುತ್ತದಾ?

ಉತ್ತರ 1: ದಯವಿಟ್ಟು ಬೇಡ. ನಿರ್ದೇಶಕ ಗೆಂಡಿ ಟಾರ್ಟಕೋವ್ಸ್ಕಿ ಹಳೇ ಕಾಲದ ಕಾರ್ಟೂನ್‌ಗಳ ಹಾಗೆ ಮುಖ, ಮೈ ಎಲ್ಲವನ್ನೂ ಎಳೆದು, ಕುಗ್ಗಿಸಿ, ಒಂದು ಭಂಗಿಯಿಂದ ಇನ್ನೊಂದಕ್ಕೆ ಛಕ್ಕನೆ ಹಾರಿಸುತ್ತಾರೆ, ನಗು ಹುಟ್ಟುವುದೇ ಅಲ್ಲಿ. ಹಳೇ ಕಾರ್ಟೂನನ್ನೇ ನಿಜವಾದ ಪ್ರಾಣಿಗಳ ಹಾಗೆ ಕಾಣುವಂತೆ ಮತ್ತೆ ಮಾಡಿದ 2019ರ ಲಯನ್ ಕಿಂಗ್‌ನಲ್ಲಿ ಸಿಂಹಗಳು ನಿಜವಾದವೇ ಅನ್ನಿಸಿದವು, ಆದರೆ ಮುಖದಲ್ಲಿ ದುಃಖವೂ ಕಾಣಲಿಲ್ಲ, ಸಂತೋಷವೂ ಕಾಣಲಿಲ್ಲ.

ಉತ್ತರ 2: ಸರಿಯಾದವರು ಮಾಡಿದರೆ ಆಗುತ್ತದೆ. 2025ರ ಹೌ ಟು ಟ್ರೇನ್ ಯುವರ್ ಡ್ರ್ಯಾಗನ್ ನೋಡಿ. 2010ರ ಕಾರ್ಟೂನಿನ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಡೀನ್ ಡೆಬ್ಲುವಾ ಅವರೇ ಮಾಡಿದರು, ಆಗ ನಾಯಕನ ಅಪ್ಪನಿಗೆ ದನಿ ಕೊಟ್ಟಿದ್ದ ಜೆರಾರ್ಡ್ ಬಟ್ಲರ್ ಅವರೇ ಈಗ ಅಪ್ಪನಾಗಿ ನಟಿಸಿದರು. ಟೂತ್‌ಲೆಸ್ ಎಂಬ ಡ್ರ್ಯಾಗನ್‌ನ ದೊಡ್ಡ ಕಣ್ಣು ಹಾಗೇ ಉಳಿಸಿಕೊಂಡರು, ಅದಕ್ಕೇ ಮನಸ್ಸಿಗೆ ತಟ್ಟಿತು.

ಉತ್ತರ 3: ಆ ಡ್ರ್ಯಾಗನ್ ಸಿನಿಮಾದಲ್ಲಿ ಹಾಸ್ಯಕ್ಕಿಂತ ಸಾಹಸ ಜಾಸ್ತಿ, ಅಲ್ವಾ? ಇಲ್ಲಿ ಡ್ರಾಕುಲಾಗೆ ಮೇಕಪ್ ಸಾಕು, ಹಸಿರು ಜೆಲ್ಲಿ ಬ್ಲಾಬಿಗೆ ಕಂಪ್ಯೂಟರ್ ಬೇಕೇ ಬೇಕು. ಆದರೆ ಅಪ್ಪ ಮಗಳ ಜಗಳ ಒಳ್ಳೆಯ ನಟರಿಂದ ಇನ್ನೂ ಚೆನ್ನಾಗಿ ಬರುತ್ತದೆ, ನಾನಂತೂ ಅದಕ್ಕಾಗಿಯೇ ನೋಡುತ್ತೇನೆ.