ಪದಚರ್ಚೆ: ‘ಸ್ಪಾರಿಂಗ್ ಪಾರ್ಟ್ನರ್’ಗೆ ಕನ್ನಡದಲ್ಲಿ ಏನು? (ತುರ್ತು)

ನಮಸ್ಕಾರ. ಶನಿವಾರ ನಮ್ಮ ಬಡಾವಣೆಯ ಮಕ್ಕಳಿಗೆ ಚಾಪ್ಲಿನ್‌ನ ಎರಡು ಮೂಕಿ ಚಿತ್ರ ತೋರಿಸುತ್ತಿದ್ದೇವೆ. 1915ರ ‘ದಿ ಚಾಂಪಿಯನ್’ನಲ್ಲಿ ಬಾಕ್ಸಿಂಗ್, 1917ರ ‘ದಿ ಇಮಿಗ್ರಂಟ್’ನಲ್ಲಿ ಅಮೆರಿಕಕ್ಕೆ ಹೊರಟ ಹಡಗು. ಮೊದಲನೆಯದರಲ್ಲಿ ಸ್ಪಾರಿಂಗ್ ಪಾರ್ಟ್ನರ್, ಅಂದರೆ ಬಾಕ್ಸರ್ ಜೊತೆ ಅಭ್ಯಾಸಕ್ಕೆ ನಿಲ್ಲುವವನು, ಬೇಕೆಂಬ ಬೋರ್ಡ್ ಇದೆ. ಅದಕ್ಕೊಂದು ಪದ ಬೇಕು. ಕರಪತ್ರದಲ್ಲಿ ‘ಸೀ ಸಿಕ್‌ನೆಸ್’ಗೂ ಒಂದು. ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತದೆ.

---

ಬಾಕ್ಸಿಂಗ್‌ಗೆ ‘ಗುದ್ದಾಟ’, ಜೊತೆಯವನಿಗೆ ‘ಗುದ್ದಾಳು’. ಸೀ ಸಿಕ್‌ನೆಸ್‌ಗೆ ‘ಕಡಲಬೇನೆ’. ಮುಷ್ಟಿಯುದ್ಧ ಬೇಡವೇ ಬೇಡ, ಅದು ಸಂಸ್ಕೃತ. ತಮಿಳರು ಪತ್ರಿಕೆಯಲ್ಲೇ ‘ಕುತ್ತುಚ್ಚಂಡೈ’ ಅಂತ ಬರೆಯುತ್ತಾರೆ. ನಾವು ಮಾತ್ರ ಬಾಕ್ಸಿಂಗ್ ಬಿಡುವುದಿಲ್ಲ. ಹಳಗನ್ನಡದ ‘ಪಡಗು’ ಇವತ್ತಿಗೂ ‘ಹಡಗು’ ಆಗಿ ತೇಲುತ್ತಿದೆ. ಅಂಥ ನುಡಿಗೆ ಎರವಲು ಯಾಕೆ?

---

ಸರ್, ‘ಗುದ್ದಾಳು’ ನಡೆಯುವುದಿಲ್ಲ. ಗುದ್ದುವ ಆಳು ಅಂತಾಗುತ್ತದೆ. ಚಿತ್ರದಲ್ಲಿ ಅವನ ಕೆಲಸ ಗುದ್ದಿಸಿಕೊಳ್ಳುವುದು. ಬೆಂಚಿನ ಮೇಲೆ ಕೂತವರು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಾರೆ, ಪೆಟ್ಟು ತಿಂದು ನೆಲಕಚ್ಚುತ್ತಾರೆ. ಅದನ್ನು ನೋಡಿಯೇ ಚಾರ್ಲಿ ಗ್ಲೌಸಿನೊಳಗೆ ಕುದುರೆ ಲಾಳ ತುರುಕಿಕೊಳ್ಳುವುದು. ಇನ್ನು ‘ಗುದ್ದಾಟ’ ಅಂದರೆ ಪತ್ರಿಕೆ ಓದುವವರಿಗೆ ಕುರ್ಚಿ ಗುದ್ದಾಟವೇ ನೆನಪಾಗುವುದು.

‘ಕಡಲಬೇನೆ’ಯ ‘ಬೇನೆ’ ಸಂಸ್ಕೃತದ ‘ವೇದನೆ’ಯ ತದ್ಭವ. ಅದು ನಿಮಗೆ ಆಗುತ್ತದೆ, ‘ಮುಷ್ಟಿ’ ಆಗುವುದಿಲ್ಲ. ಇದು ಯಾವ ನ್ಯಾಯ?

ಮೇಡಂ, ಈ ಪದ ಗರಡಿಮನೆಯಲ್ಲೇ ಇದೆ. ಮೈಸೂರು ದಸರಾ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುತ್ತಾರೆ’. ಯಾರಿಗೆ ಯಾರು ಅಂತ ಗೊತ್ತು ಮಾಡುವುದು. ಅಭ್ಯಾಸಕ್ಕೆ ತಾಲೀಮು. ಎರಡೂ ಸೇರಿದರೆ ‘ತಾಲೀಮು ಜೋಡಿ’. ತಾಲೀಮು ಅರಬ್ಬಿಯಿಂದ ಬಂತು, ಕುಸ್ತಿ ಪಾರ್ಸಿಯಿಂದ. ಕುಸ್ತಿ ಆಡುವ ಮಟ್ಟಿಯ ಕೆಂಪು ಮಣ್ಣು ಮೈಗೆ ಮೆತ್ತಿಕೊಂಡವರು ಯಾರೂ ಅದನ್ನು ಪರಭಾಷೆ ಅಂದುಕೊಂಡಿಲ್ಲ.

---

ತಾಲೀಮು ಒಪ್ಪುವುದಿಲ್ಲ. ಹೀಗೆ ಒಂದೊಂದನ್ನೇ ಬಿಡುತ್ತಾ ಹೋದರೆ ಕೊನೆಗೆ ಬರೀ ವಿಭಕ್ತಿ ಪ್ರತ್ಯಯ ಉಳಿಯುತ್ತದೆ.

---

ಆ ಚರ್ಚೆ ಬೇರೆ ಇಡೋಣ ಸರ್. ಅವರಿಗೆ ನಾಳೆ ಪ್ರಿಂಟಿಗೆ ಕೊಡಬೇಕು.

ಮೇಡಂ, ಬೋರ್ಡಿಗೆ ಹೀಗೆ ಬರೆಯಿರಿ: “ತಾಲೀಮಿಗೆ ಜೋಡಿ ಬೇಕು. ಪೆಟ್ಟು ತಡೆದುಕೊಳ್ಳುವವರು ಬನ್ನಿ.” ಇನ್ನೊಂದು ಮಾತು. ಕರಪತ್ರದಲ್ಲಿ ಚಾರ್ಲಿಗೆ ವಾಂತಿ ಅಂತ ಬರೆದುಬಿಡಬೇಡಿ. ಅವನು ಹಡಗಿನ ಅಂಚಿಗೆ ಬಗ್ಗಿ ಒದ್ದಾಡುವುದು ವಾಂತಿಗಲ್ಲ. ತಿರುಗಿದಾಗ ಕೈಯಲ್ಲಿ ಮೀನು ಇರುತ್ತದೆ. ಅದನ್ನು ಮಕ್ಕಳೇ ಕಂಡುಕೊಳ್ಳಲಿ. ಉಳಿದ ಪ್ರಯಾಣಿಕರ ಬಗ್ಗೆ “ಹಡಗು ಓಲಾಡಿ ಎಲ್ಲರಿಗೂ ಹೊಟ್ಟೆ ತೊಳಸುತ್ತಿದೆ” ಅಂದರೆ ಸಾಕು.